ಗಣಪ್ಪನ ಪೀಠದ ಬೋಲ್ಟು

ರೀ,

ಎಸ್-ಬಾನ್ ರೈಲಿನ ಹೊತ್ತಾತು, ನಾ ಆಫೀಸಿಗೆ ಹೊಂಟೀನಿ. ರೊಟ್ಟಿ ಡಬ್ಬ್ಯಾಗ ಅದಾವ, ಬದ್ನಿಕಾಯಿ ಪಲ್ಯ ಬಿಸಿ ಮಾಡ್ಕೋರಿ.

ಎರಡು ವರ್ಷದಿಂದ ಗ್ಯಾರೇಜಿನಾಗ ನೀವು ಕೈಯಾರೆ ಜೋಡಸಾಕತ್ತಿರೋ ಕಾರಿನಾಗ ನಿಮ್ಮ ಸೀಟಿಗೆ ಬೆಲ್ಟ್ ಬಂತು. ನನ್ನ ಸೀಟಿನ ಬೆಲ್ಟ್ ಇನ್ನೂ ಪೆಟ್ಟಿಗ್ಯಾಗ ಮಲಗೇತಿ. ಅದರ ಬೋಲ್ಟ್ ಎಲ್ಲಿ ಹೋದುವು ಅಂತ ಹುಡುಕಿದೆ. ಮೂರೂ ಡ್ಯಾಶ್‌ಬೋರ್ಡ್ ಮ್ಯಾಲಿನ ಗಣಪ್ಪನ ಪೀಠಕ್ಕ ಬಿಗದೀರಿ. ದೇವರು ಭದ್ರ ಕುಂತಾನ, ಹೆಂಡತಿ ದೇವರ ಮ್ಯಾಲೆ ಭಾರ ಹಾಕಿ ಕುಂಡ್ರಬೇಕು.

ನಾಳೆ ಕಾರು ರಸ್ತೆಗೆ ಇಳಸಾಕ ಟ್ಯೂಫ್‌ನವರ ಸುರಕ್ಷತಾ ತಪಾಸಣಿ ಐತಿ. ಅವರು ಬೆಲ್ಟ್ ಜಗ್ಗಿ ನೋಡ್ತಾರ, ಕೈ ಮುಗಿಯಂಗಿಲ್ಲ.

ಇವತ್ತ ಬೋಲ್ಟ್ ಬಿಚ್ಚಿ ನನ್ನ ಬೆಲ್ಟಿಗೆ ಹಾಕ್ರಿ. ಗಣಪ್ಪಗ ಅಂಟು ಸಾಕು. ಅಂವ ಪ್ರತಿ ವರ್ಷ ನೀರಿಗೆ ಬಿದ್ರೂ ತಿರುಗಿ ಬರ್ತಾನ. ನಾ ಬರಂಗಿಲ್ಲ.

ನೀಲಾಂಬಿಕಾ