ನಾಲ್ಕನೆಯದಕ್ಕೆ ಜಾಗವಿಲ್ಲ

ಫೆಬ್ರವರಿ 3, ಸೋಮವಾರ

ಫಾರಂಗಳು ಬರತೊಡಗಿವೆ. ಇವತ್ತು ನಲವತ್ತೊಂದು. ಒಂದರ ಮೇಲೆ ಕಾಫಿ ಲೋಟದ ಗುರುತು, ಮುದ್ರೆ ಒತ್ತಿದ ಹಾಗೆ ದುಂಡಗೆ. ಇನ್ನೊಂದನ್ನು ಎಂಪಿ ಬರೆದಿಲ್ಲ, ಪಿಎ ಬರೆದಿದ್ದಾನೆ. ಅಕ್ಷರ ಅಷ್ಟು ಚೆನ್ನಾಗಿದೆ.

ಹತ್ತೊಂಬತ್ತು ವರ್ಷದಿಂದ ಇದೇ ಸಮೀಕ್ಷೆ, ಇದೇ ಪ್ರಶ್ನೆ. ‘ತಮ್ಮ ದೃಷ್ಟಿಯಲ್ಲಿ ದೇಶದ ಮುಂದಿರುವ ಅತಿ ಮುಖ್ಯ ಸಮಸ್ಯೆಗಳು ಯಾವುವು?’ ಕೆಳಗೆ ಮೂರು ಗೆರೆ. ಸಂಸತ್ ಸದಸ್ಯರು ಬರೆದು ಕಳಿಸುತ್ತಾರೆ, ನಾನು ಒಂದೊಂದಕ್ಕೂ ನಂಬರ್ ಹಾಕುತ್ತೇನೆ. ಬೆಲೆ ಏರಿಕೆ 01. ನಿರುದ್ಯೋಗ 02. ಆರೋಗ್ಯ 07. ಎಲ್ಲೂ ಸೇರದ್ದು 98, ಅಂದರೆ ‘ಇತರೆ’. ನಾನು ಹಾಕಿದ್ದನ್ನು ನೋಡದೆ ಇನ್ನೊಬ್ಬ ಮತ್ತೆ ಹಾಕುತ್ತಾನೆ. ಆಮೇಲೆ ಎರಡೂ ತಾಳೆ ನೋಡುವುದು. ಆ ಇನ್ನೊಬ್ಬ ತಲೆ ಕೆಟ್ಟಾಗಲೆಲ್ಲ 98 ಹಾಕುವವನು. ಆಫೀಸಿನಲ್ಲಿ ಅವನ ಹೆಸರೇ ತೊಂಬತ್ತೆಂಟು.

ಕೆಲವು ಎಂಪಿಗಳಿಗೆ ಮೂರು ಗೆರೆ ಸಾಲುವುದಿಲ್ಲ. ಕೆಳಗೆ ನಾಲ್ಕನೆಯದನ್ನೂ ತುರುಕುತ್ತಾರೆ. ನಿಯಮ ಪ್ರಕಾರ ಅದಕ್ಕೆ ಕೆಂಪು ಪೆನ್ಸಿಲಿನಲ್ಲಿ ಅಡ್ಡಗೆರೆ. ಓದಲೂ ಬಾರದು.

ಮನೆಗೆ ಬಂದು ಚಪ್ಪಲಿ ಬಿಟ್ಟಿಲ್ಲ, ಅಕ್ಕನ ವರದಿ ಶುರು. ಅಡುಗೆಮನೆ ನಲ್ಲಿ ತೊಟ್ಟಿಕ್ಕುತ್ತಿದೆ. ಪಕ್ಕದ ಮನೆಯವಳು ಇಸ್ತ್ರಿಪೆಟ್ಟಿಗೆ ತೆಗೆದುಕೊಂಡು ಹೋದವಳು ವಾಪಸ್ ಕೊಟ್ಟಿಲ್ಲ. ಅವಳ ಹೊಲಿಗೆ ಮಿಷನ್ನಿನ ಬಾಬಿನ್ ಸಿಕ್ಕಿಕೊಂಡು ದಾರ ಕಡಿಯುತ್ತಿದೆ. ಆಮೇಲೆ ಇನ್ನೊಂದು — ಎಂದಳು.

“ಸ್ಟಾಪ್! ಮೂರೇ ಅಕ್ಕ. ನಾಲ್ಕನೇದಕ್ಕೆ ಜಾಗ ಇಲ್ಲ.”

“ನಿನ್ನ ಆಫೀಸಿಗೆ ಬೆಂಕಿ ಬೀಳ!” ಎಂದು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಫೆಬ್ರವರಿ 6, ಗುರುವಾರ

ತೊಂಬತ್ತೆಂಟನ ಜೊತೆ ಜಗಳ. ಒಬ್ಬ ಎಂಪಿ ‘ಯುವಜನರ ನಾಳೆ’ ಎಂದು ಬರೆದಿದ್ದಾರೆ. ನಿರುದ್ಯೋಗವೋ ಶಿಕ್ಷಣವೋ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅವನು 98 ಹಾಕಿ ಕೈ ತೊಳೆದುಕೊಂಡಿದ್ದ. ಸೋಮಾರಿ! ಇಂಥದ್ದಕ್ಕೇ ಅಲ್ಲವೇ ಫೋನ್ ಇರುವುದು? ಉತ್ತರ ಅಸ್ಪಷ್ಟವಾಗಿದ್ದರೆ ಫೋನ್ ಮಾಡಿ ಒಂದೇ ಮಾತು ಕೇಳಬೇಕು — ‘ಹಾಗಂದ್ರೆ?’ ಅಷ್ಟೇ. ಅವರ ಬಾಯಿಗೆ ನಮ್ಮ ಮಾತು ತುರುಕಬಾರದು. ಸುಮ್ಮನೆ ಕಾಯಬೇಕು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಸೂಪರ್‌ವೈಸರ್ ಮೇಡಂ ನಾಲ್ಕು ಜನರ ಮುಂದೆ ಹೇಳಿದ್ದಾರೆ.

ಅಕ್ಕ ಈಗ ತಾನೇ ಎಣಿಸಿ ಹೇಳುತ್ತಾಳೆ. ಬೆರಳು ಮಡಚಿ — ಒಂದು, ಇಸ್ತ್ರಿಪೆಟ್ಟಿಗೆ ಬಂತು, ವೈರು ಸುಟ್ಟಿದೆ. ಎರಡು, ನಲ್ಲಿ ಇನ್ನೂ ಹಾಗೇ. ಮೂರು, ಕರೀ ಕೋಟಿನ ಗಿರಾಕಿ ತೋಳು ಉದ್ದ ಅಂತ ಮೂರನೇ ಸಲ ವಾಪಸ್ ತಂದ. ಕಿರುಬೆರಳು ಮಿಕ್ಕಿತ್ತು. ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು.

“ಅದಿರ್ಲಿ ಬಿಡು,” ಎಂದು ಒಲೆಯ ಕಡೆ ಹೋದಳು.

ಒಳ್ಳೆಯ ಶಿಷ್ಯೆ.

ಫೆಬ್ರವರಿ 11, ಮಂಗಳವಾರ

ಇನ್ನೂರು ದಾಟಿತು. ಹಿರಿಯ ಸದಸ್ಯರೊಬ್ಬರು, ನನ್ನಪ್ಪನ ಕಾಲದಿಂದ ಗೆದ್ದು ಬರುತ್ತಿರುವವರು, ಮೂರು ಗೆರೆಯಲ್ಲೂ ದೊಡ್ಡ ದೊಡ್ಡ ವಿಷಯ ಬರೆದು ಕೆಳಗೆ ಸಣ್ಣಕ್ಷರದಲ್ಲಿ ಏನೋ ಗೀಚಿದ್ದರು. ಓದಲಿಲ್ಲ. ಕೆಂಪು ಗೆರೆ.

ಅಕ್ಕನ ಇವತ್ತಿನ ಪಟ್ಟಿ. ಒಂದು: ಹಾಲಿನವನು ಲೇಟು. ಎರಡು: ಜಿಪ್ ಸಿಗುತ್ತಿಲ್ಲ, ಅಂಗಡಿ ಮುಚ್ಚಿದೆ. ಮೂರು: ಮೆಟ್ಟಿಲು ಎತ್ತರ ಆಗಿವೆ.

ಇದೊಳ್ಳೆ ಕಥೆಯಾಯಿತಲ್ಲ! ನಮ್ಮದು ಮೊದಲನೇ ಮಹಡಿ. ಇಪ್ಪತ್ತೆರಡು ಮೆಟ್ಟಿಲು, ಮೂವತ್ತು ವರ್ಷದಿಂದ ಅಷ್ಟೇ. ಅವಳ ಟೇಪನ್ನೇ ತೆಗೆದುಕೊಂಡು ಹೋಗಿ ಅಳೆದೆ. “ನೋಡು, ಏಳಿಂಚು. ಮೇಲಿಂದ ಕೆಳಗಿನವರೆಗೂ ಏಳಿಂಚು,” ಎಂದು ಟೇಪು ಹಿಡಿದು ತೋರಿಸಿದೆ.

“ಹೌದಾ? ಹಾಗಾದ್ರೆ ನಂದೇ ತಪ್ಪು ಲೆಕ್ಕ ಬಿಡು,” ಎಂದಳು.

ಕೈಕಂಬಿ ಅಲುಗಾಡುತ್ತಿದೆ, ಬಹುಶಃ ಅದಕ್ಕೇ ಹೇಳಿರಬೇಕು. ಮನೆ ಮಾಲೀಕನಿಗೆ ಚೀಟಿ ಬರೆದಿಟ್ಟೆ. ಆಫೀಸಿನಲ್ಲಾದರೆ ವಸತಿ, 11.

ಫೆಬ್ರವರಿ 14, ಶುಕ್ರವಾರ

ಅಕ್ಕನ ಪಟ್ಟಿಯಲ್ಲಿ ಮೊದಲನೆಯದೇ ಚಪ್ಪಲಿ. ಚಿಕ್ಕದಾಗಿದೆಯಂತೆ, ಸಂಜೆ ಹೊತ್ತಿಗೆ ಪಟ್ಟಿ ಕಚ್ಚುತ್ತದಂತೆ. ಆಫೀಸಿನಿಂದ ಬರುವಾಗ ಒಂದು ಸೈಜ್ ದೊಡ್ಡದು ತಂದೆ. ಹಾಕಿಕೊಂಡು ಎರಡು ಹೆಜ್ಜೆ ನಡೆದಳು.

“ರಾಣಿ ಹಾಗಿದೀನಾ?”

“ರಾಣಿ ಅಲ್ಲ, ರಾಣಿಯ ದರ್ಜಿ.”

ಹೊಡೆಯಲು ಸ್ಕೇಲು ಹುಡುಕಿದಳು. ಅಮ್ಮ ಹೋದಾಗ ನನಗೆ ಒಂಬತ್ತು, ಇವಳಿಗೆ ಹದಿನೇಳು. ಆವತ್ತಿನಿಂದ ಆ ಸ್ಕೇಲು ಹುಡುಕುತ್ತಲೇ ಇದ್ದಾಳೆ. ಒಂದು ದಿನವೂ ಹೊಡೆದಿಲ್ಲ. ಭಾವ ತೀರಿಕೊಂಡ ವಾರ, ಒಂಟಿಯಾಗಿ ಹೋಟೆಲ್ ಊಟ ಮಾಡಿಕೊಂಡಿದ್ದ ನನ್ನನ್ನು ಪೆಟ್ಟಿಗೆ ಸಮೇತ ಇಲ್ಲಿಗೆ ಎಳೆದುಕೊಂಡು ಬಂದಳು. ಸಮಾಧಾನ ಬೇಕಾಗಿದ್ದದ್ದು ಅವಳಿಗೆ. ಮಾಡಿದ್ದು ನನಗೆ.

ಫೆಬ್ರವರಿ 18, ಮಂಗಳವಾರ

ಇವತ್ತು ದಿಗ್ವಿಜಯ. ಒಬ್ಬ ಎಂಪಿ ಬರೀ ‘ದಾರಿ’ ಎಂದು ಬರೆದಿದ್ದರು. ತೊಂಬತ್ತೆಂಟು ರಸ್ತೆ ಎಂದು 14 ಹಾಕಿದ್ದ. ನನಗ್ಯಾಕೋ ಅನುಮಾನ. ಐದು ಸಲ ಫೋನ್ ಮಾಡಿ, ಪಿಎ ಹತ್ತಿರ ಬೈಸಿಕೊಂಡು, ಕೊನೆಗೂ ಹಿಡಿದೆ. ‘ಹಾಗಂದ್ರೆ ಸರ್?’ ಎಂದು ಕೇಳಿ ಸುಮ್ಮನಾದೆ. ಅವರೂ ಸುಮ್ಮನಾದರು. ಆಮೇಲೆ ನಿಧಾನವಾಗಿ ಬಿಚ್ಚಿಕೊಂಡರು — ಅವರ ಕಡೆ ಹೆಣ್ಣುಮಕ್ಕಳು ಏಳನೇ ಕ್ಲಾಸಿಗೆ ಶಾಲೆ ಬಿಡುತ್ತಾರಂತೆ, ದಾರಿಯಲ್ಲಿ ಕಾಡುವವರ ಭಯಕ್ಕೆ. ರಸ್ತೆಯಲ್ಲ ಅದು! ಶಿಕ್ಷಣ 05, ಮಹಿಳೆಯರ ಸುರಕ್ಷತೆ 09. ಇಪ್ಪತ್ತು ನಿಮಿಷ ಕಾದಿದ್ದಕ್ಕೆ ಒಂದು ಪದದೊಳಗಿಂದ ಇಷ್ಟು ಬಂತು.

ಉಬ್ಬಿಹೋಗಿ ಅಕ್ಕನಿಗೆ ಹೇಳಿದೆ. ಗುಂಡಿ ಹೊಲಿಯುತ್ತಾ ಪೂರ್ತಿ ಕೇಳಿದಳು. ಅವಳು ಯಾವಾಗಲೂ ಪೂರ್ತಿ ಕೇಳುತ್ತಾಳೆ.

“ನನಗೂ ಒಂದಿನ ಫೋನ್ ಮಾಡಿ ಕೇಳೋ, ಹಾಗಂದ್ರೆ ಏನಮ್ಮಾ ಅಂತ.”

“ನೀನು ಎಂಪಿ ಆಗು, ಕೇಳ್ತೀನಿ.”

“ಅಯ್ಯೋ, ಅಲ್ಲೀವರೆಗೂ ಯಾರಿರ್ತಾರೆ,” ಎಂದು ದಾರ ಕಚ್ಚಿ ಕಡಿದಳು.

ಫೆಬ್ರವರಿ 25, ಮಂಗಳವಾರ. ಬೆಳಿಗ್ಗೆ 7

ಅಕ್ಕ ಕುರ್ಚಿಯಲ್ಲೇ ನಿದ್ದೆ ಮಾಡಿದ್ದಾಳೆ, ಬೆನ್ನಿಗೆ ಎರಡು ದಿಂಬು. ಮೂರು ದಿನದಿಂದ ಹೀಗೇ. ಮಲಗಿದರೆ ಸರಿಹೋಗುವುದಿಲ್ಲವಂತೆ. ಶಾಲೆ ಸಮವಸ್ತ್ರದ ಕೆಲಸ ಜಾಸ್ತಿಯಾಗಿದೆ, ಬೆನ್ನು ಹಿಡಿದಿರಬೇಕು.

“ಡಾಕ್ಟರ್ ಹತ್ರ ಹೋಗೋಣ್ವಾ?”

“ನಿನ್ನ ಫಾರಂ ಮುಗೀಲಿ ಮಹರಾಯ. ಈಗ ರಜ ಕೇಳಿದ್ರೆ ನಿಮ್ಮ ಮೇಡಂ ನಿನ್ನನ್ನೇ ತೊಂಬತ್ತೆಂಟಕ್ಕೆ ಹಾಕ್ತಾರೆ.”

ಏಳನೇ ತಾರೀಕು ಶುಕ್ರವಾರ ಮುಗಿಯುತ್ತದೆ. ಶನಿವಾರ ಕರೆದುಕೊಂಡು ಹೋಗುತ್ತೇನೆ. ಗೋಡೆಯ ಕ್ಯಾಲೆಂಡರಿನಲ್ಲಿ ಎಂಟಕ್ಕೆ ಗುರುತು ಹಾಕಿದೆ.

ಮಾರ್ಚ್ 6, ಗುರುವಾರ

ತಾಳೆ ಮುಗಿಯಿತು. ನಾನು, ತೊಂಬತ್ತೆಂಟು — ನೂರಕ್ಕೆ ತೊಂಬತ್ತನಾಲ್ಕು ಹೊಂದಿಕೆ. ದಾಖಲೆ! ಮೇಡಂ ಎಲ್ಲರಿಗೂ ಟೀ ತರಿಸಿದರು. ಮೊದಲ ಸ್ಥಾನ ನಿರುದ್ಯೋಗ, ಎರಡನೆಯದು ಬೆಲೆ ಏರಿಕೆ, ಮೂರನೆಯದು ಗಡಿ. ಆರೋಗ್ಯ ಎಂಟನೆಯ ಸ್ಥಾನಕ್ಕಿಳಿದಿದೆ. ನಾಳೆ ಸಹಿ ಹಾಕಿದರೆ ಮುಗಿಯಿತು.

ಅಕ್ಕ ಇವತ್ತು ಪಟ್ಟಿ ಹೇಳಲಿಲ್ಲ. ಕೇಳಿದ್ದಕ್ಕೆ, “ಏನೂ ಇಲ್ಲ ಕಣೋ, ಎಲ್ಲ ಚೆನ್ನಾಗಿದೆ.” ಒಂದೂ ಇಲ್ಲವೇ? ಒಂದೂ ಇಲ್ಲ.

ಅಂತೂ ಮನೆಯಲ್ಲಿ ಸಮಸ್ಯೆಗಳು ಮುಗಿದವು.

ಮಾರ್ಚ್ 24, ಸೋಮವಾರ

ಅಕ್ಕ ಇಲ್ಲ.

ಬರೆದರೆ ನಿಜವಾಗುತ್ತದೆ ಎಂದು ಇಷ್ಟು ದಿನ ಈ ಪುಸ್ತಕ ಮುಟ್ಟಿರಲಿಲ್ಲ. ಏಳನೇ ತಾರೀಕು, ಶುಕ್ರವಾರ, ಮಧ್ಯಾಹ್ನ. ಮಿಷನ್ ಮುಂದೆ. ಕರೀ ಕೋಟಿನ ಗಿರಾಕಿ ಬಂದು ಬಾಗಿಲು ತಟ್ಟಿ, ತೆರೆದೇ ಇದೆಯೆಂದು ಒಳಗೆ ಬಂದು ನೋಡಿದ್ದಾನೆ. ನಾನಾಗ ಸಹಿ ಹಾಕುತ್ತಿದ್ದೆ.

ಹೃದಯ, ಎಂದರು ಡಾಕ್ಟರು. ತಿಂಗಳುಗಟ್ಟಲೆ ಸೋತುಕೊಂಡು ಬಂದಿದೆ, ಶ್ವಾಸಕೋಶದಲ್ಲೆಲ್ಲ ನೀರು. ಮೆಟ್ಟಿಲು ಹತ್ತಲು ಆಗದೆ ಉಸಿರು ಕಟ್ಟಿರುತ್ತದೆ. ಕಾಲು ಊದಿರುತ್ತದೆ. ಅಂಗಾತ ಮಲಗಲು ಆಗುತ್ತಿರಲಿಲ್ಲ, ಕೂತೇ ನಿದ್ದೆ ಮಾಡಿರುತ್ತಾರೆ. ಬೇಗ ಬಂದಿದ್ದರೆ ಔಷಧಿ ಇತ್ತು.

“ಇಷ್ಟೆಲ್ಲ ಆಗ್ತಿದ್ರೂ ಮನೇಲಿ ಯಾರಿಗೂ ಹೇಳಿರ್ಲಿಲ್ವಾ ಅವ್ರು?”

“ಇಲ್ಲ ಡಾಕ್ಟ್ರೇ,” ಎಂದೆ.

ಸುಳ್ಳು. ಹೇಳಿದ್ದಳು. ಫೆಬ್ರವರಿ 11ರಂದು ಹೇಳಿದ್ದಳು. 14ರಂದು ಹೇಳಿದ್ದಳು. 25ರಂದು ಕಣ್ಣೆದುರೇ ಕೂತಿದ್ದಳು. ನನ್ನ ಕೈಯಿಂದಲೇ ಬರೆದಿದ್ದೇನೆ, ಹಿಂದಿನ ಹಾಳೆ ತಿರುವಿದರೆ ಇದೆ. ಮೆಟ್ಟಿಲಿಗೆ ಟೇಪು ಹಿಡಿದೆ. ಊದಿದ ಕಾಲಿಗೆ ಚಪ್ಪಲಿ ತಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದವನು ನಾನು. ದೇಶದ ಎಂಪಿಗಳಿಗೆಲ್ಲ ಫೋನ್ ಮಾಡಿ ಹಾಗಂದ್ರೆ, ಹಾಗಂದ್ರೆ ಎಂದು ಕೇಳಿದ ಬಾಯಿ. ಅವಳನ್ನು ಒಂದು ಸಲ ಕೇಳಲಿಲ್ಲ. ಒಂದೇ ಒಂದು ಸಲ.

ಆ ಕಿರುಬೆರಳಲ್ಲಿ ಏನಿತ್ತು ಅಕ್ಕ?

ಮಾರ್ಚ್ 26, ಬುಧವಾರ

ಆಫೀಸಿಗೆ ಹೋದೆ. ಮನೆಯಲ್ಲಿ ಕೂರಲಾಗುವುದಿಲ್ಲ. ಮಿಷನ್ ಮೇಲೆ ಕೋಟು ಹಾಗೇ ಇದೆ, ಒಂದು ತೋಳು ಹೊಲಿದಿದೆ, ಇನ್ನೊಂದಕ್ಕೆ ಸೂಜಿ ಚುಚ್ಚಿಟ್ಟಿದ್ದಾಳೆ.

ವರದಿ ಅಚ್ಚಾಗಿ ಬಂದಿದೆ. ನುಣುಪಾದ ಹಾಳೆ, ಮುಖಪುಟದಲ್ಲಿ ಸಂಸತ್ತಿನ ಚಿತ್ರ. ಕೊನೆಯ ಪುಟದಲ್ಲಿ ನನ್ನ ಹೆಸರೂ ಇದೆ. ತೊಂಬತ್ತೆಂಟು ಬಂದು ಮೇಜಿನ ಪಕ್ಕ ನಿಂತ. ಅವನಿಗೆ ಸಮಾಧಾನದ ಮಾತು ಬರುವುದಿಲ್ಲ. “ಊಟ ಮಾಡಿದ್ಯಾ?” ಎಂದ. ತನ್ನ ಡಬ್ಬಿ ತೆರೆದು ಅರ್ಧ ನನ್ನ ಮುಂದಿಟ್ಟ. ಹತ್ತೊಂಬತ್ತು ವರ್ಷ ಅವನನ್ನು ಸೋಮಾರಿ ಎಂದುಕೊಂಡಿದ್ದೆ. ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಎಂದು ಬರೆಯುತ್ತಿದ್ದ, ಅಷ್ಟೇ. ನನ್ನ ಹಾಗೆ ಅಳೆದು ತೋರಿಸುತ್ತಿರಲಿಲ್ಲ.

ಮಾರ್ಚ್ 28, ಶುಕ್ರವಾರ

ಫಾರಂಗಳನ್ನು ಕಟ್ಟಿ ಉಗ್ರಾಣಕ್ಕೆ ಕಳಿಸಬೇಕಿತ್ತು. ಕಟ್ಟಲಿಲ್ಲ. ಕೆಂಪು ಗೆರೆ ಹೊಡೆದವನ್ನು ಬೇರೆ ತೆಗೆದು ಕೂತೆ. ಮೂವತ್ತೇಳು. ಗೆರೆಯ ಕೆಳಗಿನದನ್ನು ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಓದಿದೆ.

‘ಸದನದ ಕುರ್ಚಿಗಳು ಬೆನ್ನು ಮುರಿಯುತ್ತವೆ.’ ‘ನಮ್ಮ ಆಸ್ಪತ್ರೆಯಲ್ಲಿ ಕಾಯುವವರಿಗೆ ಬೆಂಚಿಲ್ಲ.’ ‘ಈ ಪ್ರಶ್ನೆಯನ್ನು ನನ್ನ ಡ್ರೈವರನಿಗೂ ಕೇಳಿ.’ ದೊಡ್ಡ ಮಾತೆಲ್ಲ ಮೂರು ಗೆರೆಯಲ್ಲಿ ಮುಗಿದಿದೆ. ನಾಲ್ಕನೆಯದರಲ್ಲಿ ಮನುಷ್ಯರು.

ಆ ಹಿರಿಯ ಸದಸ್ಯರ ಫಾರಂ ಸಿಕ್ಕಿತು. ಸಣ್ಣಕ್ಷರ: ‘ಮನೆಯಲ್ಲಿ ಮಾತಿಲ್ಲ.’

ಸಮೀಕ್ಷೆ ಮುಗಿದಿದೆ. ಫೋನ್ ಮಾಡುವ ಹಾಗಿಲ್ಲ, ಕೆಲಸ ಹೋಗುತ್ತದೆ. ಮಾಡಿದೆ. ಅವರೇ ಎತ್ತಿದರು.

“ಸರ್, ಸಮೀಕ್ಷೆಯವ್ನು. ನಾಲ್ಕನೇದು ಬರೆದಿದ್ರಿ, ಮನೇಲಿ ಮಾತಿಲ್ಲ ಅಂತ. ಹಾಗಂದ್ರೆ?”



“ಅದನ್ನ ಯಾರೂ ಓದಲ್ಲ ಅಂತಾನೇ ಬರೆದಿದ್ದು.”

“ಹೌದು ಸರ್. ಓದ್ತಿರ್ಲಿಲ್ಲ.”

“ಹೋಗ್ಲಿ, ಅದಿರ್ಲಿ ಬಿಡಿ.”

ಅಕ್ಕನದೇ ಮಾತು. ಅದೇ ಧಾಟಿ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

“ಬಿಡಲ್ಲ ಸರ್. ಹೇಳಿ. ಎಷ್ಟು ಹೊತ್ತಾದ್ರೂ ಕೇಳ್ತೀನಿ.”

ಹೇಳಿದರು. ಮುಕ್ಕಾಲು ಗಂಟೆ. ಹೆಂಡತಿಯ ವಿಷಯ. ಏನು ಹೇಳಿದರೆಂದು ಇಲ್ಲಿ ಬರೆಯುವುದಿಲ್ಲ, ನಂಬರ್ ಹಾಕುವ ಮಾತೇ ಇಲ್ಲ. ಕೊನೆಗೆ, “ಆಕೆ ಪಕ್ಕದ ರೂಮಲ್ಲೇ ಇದ್ದಾಳಪ್ಪ,” ಎಂದರು.

“ಹಾಗಾದ್ರೆ ಫೋನ್ ಇಡಿ ಸರ್. ಈಗ್ಲೇ ಹೋಗಿ ಕೇಳಿ,” ಎಂದೆ. ನಮ್ಮ ಮಾತು ತುರುಕಬಾರದು ಎನ್ನುವ ನಿಯಮ. ತುರುಕಿದೆ.

ತೊಂಬತ್ತೆಂಟು ಎಲ್ಲ ಕೇಳಿಸಿಕೊಂಡಿದ್ದ. ಎದ್ದು ಹೋಗಿ ಮೇಡಂ ರೂಮಿನ ಕಡೆಯ ಬಾಗಿಲು ಮುಚ್ಚಿ ಬಂದು ಕೂತ.

ಮಾರ್ಚ್ 30, ಭಾನುವಾರ. ಸಂಜೆ 6

ಇಪ್ಪತ್ತೆರಡು ಮೆಟ್ಟಿಲು ನಿಧಾನಕ್ಕೆ ಹತ್ತಿ ಬಂದೆ, ಅವಳು ಹತ್ತಿರಬಹುದಾದ ಹಾಗೆ. ನಾಲ್ಕು ಹತ್ತಿ ನಿಲ್ಲುವುದು. ಮತ್ತೆ ನಾಲ್ಕು. ಹನ್ನೆರಡನೆಯ ಮೆಟ್ಟಿಲ ಹತ್ತಿರ ಗೋಡೆಯ ಸುಣ್ಣದ ಮೇಲೆ ಕೈಯಿಟ್ಟು ಇಟ್ಟು ಕಪ್ಪಾದ ಗುರುತಿದೆ. ಅವಳು ನಿಂತು ಸುಧಾರಿಸಿಕೊಳ್ಳುತ್ತಿದ್ದ ಜಾಗ. ಟೇಪು ಹಿಡಿದು ಅಳೆದ ದಿನವೂ ಇದ್ದಿರಬೇಕು. ನಾನು ಕೆಳಗೆ ನೋಡುತ್ತಿದ್ದೆ.

ಅವಳ ಕುರ್ಚಿಯ ಎದುರು ಕೂತಿದ್ದೇನೆ. ಇವತ್ತು ಪಟ್ಟಿ ನನ್ನದು, ಕೇಳು.

ಒಂದು, ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ. ಎರಡು, ಕೋಟಿನವನು ಬಂದಿದ್ದ. ಹೊಲಿದು ಮುಗಿಸಿಲ್ಲವಲ್ಲ ಎಂದೆ. ಇರಲಿ ಸರ್, ಹಾಗೇ ಕೊಡಿ ಎಂದು ಒಂದೇ ತೋಳಿನ ಕೋಟನ್ನು ಮಡಚಿ ಎದೆಗೊತ್ತಿಕೊಂಡು ಹೋದ. ಮೂರು, ಹೊಸ ಚಪ್ಪಲಿ ಬಾಗಿಲಲ್ಲೇ ಇದೆ, ತೆಗೆಯಲು ಮನಸ್ಸು ಬರುತ್ತಿಲ್ಲ.

ನಾಲ್ಕು, ಅಕ್ಕ, ನಾಲ್ಕನೆಯದು —