ತಮ್ಮನ ಬಗ್ಗೆ ಬರೆದದ್ದು

ಕಂದಾ,

ಕ್ರೈಸ್ತ ಬರಹಗಾರರ ಶಿಬಿರಕ್ಕೆ ಹೊರಟೆ. ನಾಳೆ ರಾತ್ರಿ ಬರುತ್ತೇನೆ.

ಅಡುಗೆ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ಕೂತು ತಿನ್ನು. ನಿಂತಲ್ಲೇ ನಾಲ್ಕು ತುತ್ತು ನುಂಗಿ ಓಡಬೇಡ. ನೆನೆಹಾಕಿದ ಬಟ್ಟೆ ಹಿಂಡಲು ಪುರುಸೊತ್ತಾಗಲಿಲ್ಲ, ನೀನೇ ಹಿಂಡಿ ಹರವು.

ಇವತ್ತು ಸಂಜೆ ಎಲ್ಲರೆದುರು ನಾನು ಓದಬೇಕು. ನಿನ್ನ ತಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡದ್ದನ್ನೇ ಬರೆದಿದ್ದೇನೆ. "ಕೊನೆಗೆ ದೇವರು ಸಮಾಧಾನ ಕೊಟ್ಟ ಅಂತ ಸೇರಿಸಿ ಸಿಸ್ಟರ್, ದೇವರ ಕೃಪೆಗೆ ಹೇಳೋ ಸಾಕ್ಷಿ ಅಂದ್ಮೇಲೆ ಹಾಗೇ ಮುಗೀಬೇಕು" ಅಂದರು ಪಾಸ್ಟರ್. ನನಗೆ ಕೈ ಏಳಲಿಲ್ಲ. ಇನ್ನೂ ಸಿಗದ ಸಮಾಧಾನವನ್ನು ಹೇಗೆ ಬರೆಯಲಿ? ಇದ್ದದ್ದನ್ನು ಇದ್ದ ಹಾಗೆ ಓದುತ್ತೇನೆ.

ಅವನು ಹೋದಂದಿನಿಂದ ನೀನು ಪ್ರಾರ್ಥನೆ ಬಿಟ್ಟಿದ್ದೀಯ, ಗೊತ್ತು. ಮಾಡು ಅನ್ನುವುದಿಲ್ಲ. ನಾನು ಓದುವ ಹೊತ್ತಿಗೆ ಒಂದು ಗಳಿಗೆ ನನ್ನನ್ನು ನೆನೆಸಿಕೋ, ಸಾಕು.

ಅಮ್ಮ