ಯಾರ ಕೈ ಖಾಲಿಯೋ ಅವರಿಗೆ

೧೨ ಫೆಬ್ರವರಿ ೨೦೨೪, ಸೋಮವಾರ
ಬೆಳಿಗ್ಗೆ ಏಳಕ್ಕೆ ನಲ್ಲಿ ನೀರು ಬಂತು. ನಾಲ್ಕು ದಿನಕ್ಕೊಮ್ಮೆ ಬರುವ ನೀರು, ಇಡೀ ಬೀದಿ ಕೊಡ ಹಿಡಿದು ಓಡಿತು. ಕೈಗೂಸುಗಳು ಯಾರ ಕೈ ಖಾಲಿಯೋ ಅವರಿಗೆ — ಚಾಮರಾಜನಗರದಲ್ಲಿ ನಮ್ಮ ಬೀದಿಯ ಪದ್ಧತಿಯೇ ಹಾಗೆ. ಎದುರುಮನೆ ಕುಮಾರಿ ತನ್ನ ಮಗುವನ್ನು ನಮ್ಮ ಬಾಡಿಗೆ ಕೋಣೆಯ ನೆಂಗ್‌ಬೊಯ್‌ಗೆ ಕೊಟ್ಟಳು. ಮಣಿಪುರದವಳು. ಗಲಭೆಯಲ್ಲಿ ಮನೆ ಸುಟ್ಟುಹೋಗಿ, ಕ್ಯಾಂಪಿನಲ್ಲಿದ್ದು, ಈಗ ಬದನಗುಪ್ಪೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಎರಡು ವರ್ಷದ ಮಗಳು ಇನ್ನೂ ಕ್ಯಾಂಪಿನಲ್ಲಿ, ಅಜ್ಜಿಯ ಹತ್ತಿರ. ಮುಂದಿನ ತಿಂಗಳು ಕರೆತರುತ್ತಾಳಂತೆ.

ಮಗು ಎತ್ತಿಕೊಂಡು ನಿಂತಿದ್ದವಳ ಫೋಟೊ ಅವಳಿಗೆ ಗೊತ್ತಾಗದ ಹಾಗೆ ತೆಗೆದೆ. ಬೀದಿಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ: “ನಿರಾಶ್ರಿತರ ಕ್ಯಾಂಪಿನಿಂದ ಬಂದವಳು. ಮಗಳಿಗೆ ಹಳೇ ಬಟ್ಟೆ ಇದ್ದರೆ ಕೊಡಿ.” ಇಪ್ಪತ್ತು ಜನ ಕೈ ಮುಗಿದರು, ಮೊಬೈಲಿನಲ್ಲಿ. ಸಂಜೆಯೊಳಗೆ ಬಂದದ್ದು ಎರಡು ಫ್ರಾಕು. ನಾನೇ ಕೊಂಡದ್ದು ಅಂತ ಕೊಟ್ಟೆ. ಹೆಮ್ಮೆಯಾಯಿತು, ಸುಳ್ಳೇಕೆ.

೧೫ ಗುರುವಾರ
ಗುಂಡ್ಲುಪೇಟೆಯಿಂದ ಅಕ್ಕನ ಫಾರ್ವರ್ಡ್. ನಾನೇ ತೆಗೆದ ಫೋಟೊ! ನೆಂಗ್‌ಬೊಯ್ ಮುಖದ ಸುತ್ತ ಕೆಂಪು ಗೆರೆ. “ಮಕ್ಕಳ ಕಳ್ಳಿ. ಕೈಯಲ್ಲಿರುವುದು ಕದ್ದ ಮಗು. ಎಲ್ಲರಿಗೂ ಕಳಿಸಿ.” ಜೊತೆಗೆ ಅಕ್ಕನ ವಾಯ್ಸ್: “ಉಸಾರು ಕಣಮ್ಮಿ, ನಿಮ್ಮೂರ್ ಕಡೆನೇ ಅವಳಂತೆ.”
ಗ್ರೂಪಿನಲ್ಲಿದ್ದದ್ದನ್ನು ಅಳಿಸಿದೆ. ಏನು ಪ್ರಯೋಜನ...

೧೬ ಶುಕ್ರವಾರ
ನೀರು. ನೆಂಗ್‌ಬೊಯ್ ಎಂದಿನಂತೆ ಕೈ ಚಾಚಿದಳು. ಕುಮಾರಿ ಕೊಡಲಿಲ್ಲ. ಮಗು ಒಂದು ಕಂಕುಳಲ್ಲಿ, ಕೊಡ ಇನ್ನೊಂದರಲ್ಲಿ. ಆಮೇಲೆ ಕೇಳಿದೆ — ಅದು ನಿನ್ನದೇ ಮಗು, ನೀನೇ ಕೊಟ್ಟೆಯಲ್ಲೇ?
“ನಾನೇ ಕೊಟ್ಟಿದ್ದು ಕಣಕ್ಕ. ಆದ್ರೂವೆ... ಅಷ್ಟೊಂದು ಜನ ಸುಳ್ಳು ಏಳ್ತಾರಾ?”

೧೮ ಭಾನುವಾರ
ಬೀದಿಯ ಹಿರಿಯರು ಬಂದರು. ಗುರುಸಿದ್ದಯ್ಯನವರೇ ಮಾತಾಡಿದ್ದು. “ನೀನು ಒಳ್ಳೇ ಮನಸ್ಸಿಂದ ಫೋಟೊ ಆಕ್ದೆ ಕಣಮ್ಮ. ಅವಳು ನಿಂಗೂ ಮೋಸ ಮಾಡವಳೆ. ಕೋಣೆ ಖಾಲಿ ಮಾಡ್ಸು.”
ಇಲ್ಲ ಅನ್ನಬೇಕಿತ್ತು. ಆಯ್ತು ಅಂದೆ.

೧೯ ಸೋಮವಾರ
ಹೋದಳು. ಒಂದೇ ಬ್ಯಾಗು. ಫ್ರಾಕುಗಳನ್ನು ವಾಪಸು ಕೊಟ್ಟಳು. “ಮಗಳು ಬರಲ್ಲ ಈಗ. ಕುಮಾರಿ ಪಾಪುಗೆ ಕೊಡಿ ಅಕ್ಕ, ದೊಡ್ಡದಾದ್ಮೇಲೆ.” ಮೊಬೈಲ್ ತೋರಿಸಿದಳು. “ಈ ಫೋಟೊ ಯಾರು ತೆಗೆದ್ರು ಅಕ್ಕ?”
ಗೊತ್ತಿಲ್ಲ ಅಂದೆ.
ಆಟೊ ತಿರುಗುವವರೆಗೂ ನನ್ನ ಕಡೆಗೇ ಕೈ ಬೀಸುತ್ತಿದ್ದಳು.

೨೦ ಮಂಗಳವಾರ, ಬೆಳಿಗ್ಗೆ
ನೀರು. ಕುಮಾರಿ ಓಡಿ ಬಂದು ಮಗುವನ್ನು ನನ್ನ ಕೈಗೆ ಹಾಕಿದಳು. “ಒಂದ್ಗಳಿಗೆ ಇಡ್ಕೊ ಅಕ್ಕ.” ಮಗು ಬೀಗ ಹಾಕಿದ ಕೋಣೆಯ ಕಡೆ ವಾಲಿ ವಾಲಿ ಅತ್ತಿತು. ಸಮಾಧಾನ ಮಾಡಲಾಗಲಿಲ್ಲ. ನಾನೂ ಅತ್ತೆ.
ಅವಳಿಗೆ ಕನ್ನಡ ಓದಲು ಬರುವುದಿಲ್ಲ. ವಾಯ್ಸ್ ಕಳಿಸಬೇಕು. ಮೂರು ಸಲ ಶುರು ಮಾಡಿ ಅಳಿಸಿದೆ. ಏನು ಹೇಳಬೇಕು ಅಂತ ಇಲ್ಲಿ ಬರೆದುಕೊಂಡು ಆಮೇಲೆ ಓದುತ್ತೇನೆ.
ನೆಂಗ್‌ಬೊಯ್, ಆ ಫೋಟೊ ತೆಗೆದದ್ದು